ಎಡಗಣ್ಣಿಗೆ ಇಳಿದ ಪರದೆ

ಎರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ ಅಪ್ಪನ ಎಡಗಣ್ಣಿನ ಮುಂದೆ ಬೂದುಬಣ್ಣದ ಪರದೆಯಂಥದ್ದೇನೋ ಮೇಲಿನಿಂದ ಇಳಿದು, ನಾಲ್ಕೈದು ನಿಮಿಷ ನಿಂತು, ತಾನಾಗಿಯೇ ಸರಿದುಹೋಯಿತು. ಅವರು ಕನ್ನಡಕ ಒರೆಸಿಕೊಂಡು ಓದು ಮುಂದುವರಿಸಿದರು. ನಮಗೆ ತಿಳಿಸಿದ್ದು ಮರುದಿನ ಸಂಜೆ, ಅದೂ ಕನ್ನಡಕದ ನಂಬರು ಬದಲಾಗಿರಬೇಕೆಂಬ ಮಾತಿನ ನಡುವೆ. ಕಣ್ಣಿನ ವೈದ್ಯರು ಪರೀಕ್ಷಿಸಿ, ದೋಷ ಕಣ್ಣಿನದ್ದಲ್ಲ, ಕತ್ತಿನದ್ದಿರಬಹುದು, ಇಂದೇ ನರರೋಗ ತಜ್ಞರನ್ನು ಕಾಣಿರಿ ಎಂದರು.

ಬೆರಳಿಟ್ಟರೆ ಕತ್ತಿನ ಎರಡೂ ಪಕ್ಕದಲ್ಲಿ ಮಿಡಿಯುವುದು ಕೆರೋಟಿಡ್ ಧಮನಿ. ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ ಅದು ಕವಲೊಡೆದು, ಒಂದು ಕವಲು ಮುಖದ ಕಡೆಗೂ ಇನ್ನೊಂದು ಮಿದುಳಿಗೂ ಹೋಗುತ್ತದೆ. ಕಣ್ಣಿಗೆ ರಕ್ತ ಒಯ್ಯುವ ನಾಳ ಹುಟ್ಟುವುದು ಈ ಎರಡನೆಯದರಿಂದ. ಕವಲಿನ ಬಳಿ ರಕ್ತದ ಹರಿವು ಸುಳಿಗೊಳ್ಳುವುದರಿಂದ ಕೊಬ್ಬು ಕಟ್ಟುವುದೂ ಅಲ್ಲಿಯೇ ಹೆಚ್ಚು. ನಳದಲ್ಲಿ ಕಸ ಕಟ್ಟಿ ನೀರು ನಿಂತಂತೆ ಎಂದು ನಾನು ಭಾವಿಸಿದ್ದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅಪಾಯ ಬರುವುದು ಆ ಕೊಬ್ಬಿನ ಮೇಲ್ಪದರ ಬಿರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರುಗಳು ಮೇಲಕ್ಕೆ ತೇಲಿಹೋಗುವುದರಿಂದ. ಚೂರು ಕರಗಿದರೆ ಪರದೆ ಸರಿಯುತ್ತದೆ, ಬಾಯಿ ತೊದಲಿದ್ದು ಸರಿಯಾಗುತ್ತದೆ. ಕರಗದಿದ್ದರೆ ಅದೇ ಲಕ್ವ. ತಾನಾಗಿ ವಾಸಿಯಾದದ್ದನ್ನು ನಾವು ಕಾಯಿಲೆ ಎಂದೇ ಎಣಿಸುವುದಿಲ್ಲ, ಮುಂದಿನ ಕೆಲವು ದಿನಗಳೇ ಅತ್ಯಂತ ಅಪಾಯದವಾದರೂ.

ಶಬ್ದತರಂಗಗಳಿಂದ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಪರೀಕ್ಷೆಯ ಪರದೆಯ ಮೇಲೆ ಕೆಂಪು ಬಣ್ಣದ ಹರಿವು ಎಡಗಡೆಯ ಕವಲಿನಲ್ಲಿ ದಾರದಷ್ಟು ಸಣ್ಣದಾಗಿ, ಹಳದಿ ಮಿಶ್ರಿತವಾಗಿ ಚಿಮ್ಮುತ್ತಿತ್ತು. ಶೇಕಡಾ 80ರಷ್ಟು ಕಿರಿದಾಗಿದೆ ಎಂದರು. ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ರಕ್ತದೊತ್ತಡದ ಮಾತ್ರೆಗಳು ಅಂದೇ ಆರಂಭವಾದವು. ನಲವತ್ತು ವರ್ಷಗಳ ಬೀಡಿ ಅಂದೇ ನಿಂತಿತು, ಸ್ವಲ್ಪ ಗೊಣಗಾಟದೊಂದಿಗೆ.

ಮಾತ್ರೆ ಸಾಲದೇ ಎಂಬ ನಮ್ಮ ಪ್ರಶ್ನೆಗೆ ವೈದ್ಯರು 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವನ್ನು ಮುಂದಿಟ್ಟರು: ಲಕ್ಷಣ ಕಾಣಿಸಿಕೊಂಡು, ನಾಳ ಶೇಕಡಾ 70ಕ್ಕಿಂತ ಹೆಚ್ಚು ಕಿರಿದಾಗಿದ್ದವರಲ್ಲಿ, ಎರಡು ವರ್ಷಗಳೊಳಗೆ ಆ ನಾಳವಿರುವ ಪಕ್ಕದ ಮಿದುಳಿಗೆ ರಕ್ತ ನಿಂತು ಪಾರ್ಶ್ವವಾಯುವಿಗೆ ತುತ್ತಾಗುವ ಸಂಭವ ಬರಿಯ ಔಷಧದಲ್ಲಿ ಶೇಕಡಾ 26, ಶಸ್ತ್ರಚಿಕಿತ್ಸೆಯ ನಂತರ ಶೇಕಡಾ 9. ಲಾಭ ಹೆಚ್ಚು ಸಿಗುವುದು ಎರಡು ವಾರಗಳೊಳಗೆ ಮಾಡಿಸಿದರೆ. ನಾಳವನ್ನು ಒಳಗಿನಿಂದ ಹಿಗ್ಗಿಸಿಡುವ ಜಾಲರಿ ಕೊಳವೆ, ಸ್ಟೆಂಟ್ ಕೂಡ ಇದೆ, ಆದರೆ ಎಪ್ಪತ್ತು ದಾಟಿದವರಿಗೆ ಸಾಮಾನ್ಯವಾಗಿ ತೆರೆದು ಶುಚಿಗೊಳಿಸುವುದೇ ಸುರಕ್ಷಿತ. ಅಪ್ಪನಿಗೆ ಎಪ್ಪತ್ತೆರಡು. ಪೂರ್ತಿ ಮುಚ್ಚಿಹೋದ ನಾಳವನ್ನು ಮಾತ್ರ ಸಾಮಾನ್ಯವಾಗಿ ತೆರೆಯಲು ಹೋಗುವುದಿಲ್ಲ.

ಲಕ್ಷಣವೇ ಇಲ್ಲದವರ ಲೆಕ್ಕ ಬೇರೆ. ಅವರಲ್ಲಿ ಅನೇಕರಿಗೆ ಒಳ್ಳೆಯ ಔಷಧೋಪಚಾರವೇ ಸಾಕಾಗುತ್ತದೆ. ಹಾಗಾಗಿ ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಎಲ್ಲರ ಕತ್ತಿಗೂ ಡಾಪ್ಲರ್ ಮಾಡುವುದು ನನಗೆ ಸರಿಕಾಣುವುದಿಲ್ಲ.

ಒಂಬತ್ತನೆಯ ದಿನ ಶಸ್ತ್ರಚಿಕಿತ್ಸೆ ನಡೆಯಿತು. ಕತ್ತಿನ ಗಾಯ ಈಗ ಸುಕ್ಕಿನೊಳಗೊಂದು ಸುಕ್ಕಾಗಿದೆ. ಎಡದವಡೆಯಿಂದ ಕಿವಿಯ ಹಾಲೆಯವರೆಗೆ ಚರ್ಮ ಇನ್ನೂ ಜೋಮು ಹಿಡಿದಂತಿದ್ದು, ಕ್ಷೌರ ಮಾಡಿಕೊಳ್ಳುವಾಗ ಅಪ್ಪ ಆ ಪಕ್ಕವನ್ನು ಕನ್ನಡಿಗೆ ಒಡ್ಡಿ, ಬ್ಲೇಡು ಎಲ್ಲಿದೆಯೆಂದು ಕಣ್ಣಿನಿಂದಲೇ ನೋಡಿಕೊಳ್ಳುತ್ತಾರೆ.