ಹನ್ನೆರಡು ಜನರ ಗೋಡೆ

ಎಂಬತ್ತರ ದಶಕದ ಕೊನೆಗೆ ನೌಕರಿ ಹಿಡಿದು ಪುಣೆಗೆ ಹೋದೆ. ಮರಾಠಿ ಅರ್ಧಂಬರ್ಧ ತಿಳಿಯುತ್ತಿತ್ತು. ಒಂದು ಸಂಜೆ ರೂಮಿನ ಗೆಳೆಯ ವಿಜಯ್ ತೆಂಡೂಲ್ಕರ್ ಬರೆದ 'ಘಾಶೀರಾಮ್ ಕೋತ್ವಾಲ್' ಎಂಬ ಮರಾಠಿ ನಾಟಕಕ್ಕೆ ಕರೆದುಕೊಂಡು ಹೋದ.

ಪರದೆ ಇಲ್ಲ, ಸೆಟ್ ಇಲ್ಲ. ಧೋತರ ಉಟ್ಟ ಹನ್ನೆರಡು ಮಂದಿ ಸಾಲಾಗಿ ನಿಂತು, ತೂಗಾಡುತ್ತ ಗಣಪತಿಯನ್ನು ಹಾಡಿ ಕರೆದರು. ನನಗೆ ಊರು ನೆನಪಾಯಿತು. ನಮ್ಮಪ್ಪ ಗದಗಿನ ಕಡೆ ಭಜನಾ ಮೇಳದಲ್ಲಿ ತಾಳ ಹಾಕುತ್ತಿದ್ದವನು. ಶನಿವಾರ ರಾತ್ರಿ ಅವನ ತೊಡೆಯ ಮೇಲೆ ನಿದ್ದೆ ಹೋದವನು ನಾನು. ಭಾಷೆ ಬಿಟ್ಟುಕೊಡದ್ದನ್ನು ತಾಳ ತಿಳಿಸಿತು, ಕಾಲು ತಾನಾಗಿ ಕುಣಿಯತೊಡಗಿತು.

ಆ ಹನ್ನೆರಡು ಮಂದಿಯೇ ಗೋಡೆ. ಅವರು ಬೆನ್ನು ತಿರುಗಿಸಿದರೆ ಆಚೆ ನಡೆಯುವುದು ಕಾಣುವುದಿಲ್ಲ. ಬಿಚ್ಚಿಕೊಂಡರೆ ಅದೇ ಬೀದಿ, ಅದೇ ದರ್ಬಾರು, ಅದೇ ಜನಜಂಗುಳಿ. ಪೇಶ್ವೆಗಳ ರಾಜ್ಯವನ್ನೇ ಕೈಯಲ್ಲಿ ಹಿಡಿದಿದ್ದ ನಾನಾ ಫಡ್ನವೀಸ್ ನಮಗೆ ಶಾಲೆಯ ಪುಸ್ತಕದಲ್ಲಿ ಬರೀ ಚಾಣಾಕ್ಷ ಮುತ್ಸದ್ದಿ. ಇಲ್ಲಿ ಅವನು ಲಾವಣಿಗೆ ಕುಣಿಯಲು ಹೋಗಿ ಕಾಲು ಉಳುಕಿಸಿಕೊಳ್ಳುತ್ತಾನೆ. ಉತ್ತರದ ಕನೌಜಿನಿಂದ ಹೊಟ್ಟೆಪಾಡಿಗೆ ಬಂದ ಘಾಶೀರಾಮ್ ಆ ಕಾಲಿಗೆ ತನ್ನ ಬೆನ್ನು ಕೊಡುತ್ತಾನೆ. ಮುಂದೆ ಮಗಳನ್ನೇ ಕೊಡುತ್ತಾನೆ, ಬದಲಿಗೆ ಊರಿನ ಕೋತ್ವಾಲಗಿರಿ, ಅಂದರೆ ಪೊಲೀಸ್ ಮುಖ್ಯಸ್ಥನ ಹುದ್ದೆ, ಪಡೆಯುತ್ತಾನೆ.

ಒಂದು ದೃಶ್ಯ ಇವತ್ತಿಗೂ ಕಣ್ಣಮುಂದಿದೆ. ನಾನಾ ಘಾಶೀರಾಮನ ಮಗಳ ಬೆನ್ನು ಹತ್ತುತ್ತಾನೆ. ಗಣಪತಿ ನೋಡುತ್ತಿದ್ದಾನೆ ಅನ್ನುತ್ತಾಳೆ ಅವಳು. ಅವನಿಗೂ ಇಬ್ಬರು ಹೆಂಡಂದಿರು, ಅವನೇನೂ ಅನ್ನುವುದಿಲ್ಲ ಎನ್ನುತ್ತಾನೆ ನಾನಾ. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಮುಂದೆ ಕಳವಿನ ಆರೋಪ ಹೊತ್ತ ಬ್ರಾಹ್ಮಣನ ಅಂಗೈ ಮೇಲೆ ಕೋತ್ವಾಲ ಘಾಶೀರಾಮ್ ಕಾದ ಕಬ್ಬಿಣದ ಗುಂಡು ಇಡಿಸಿದಾಗ ಆ ಬ್ರಾಹ್ಮಣ ಕಿರುಚಿದ. ಹಾಡು ಮತ್ತೆ ಬಂತು, ಗೋಡೆ ಮತ್ತೆ ತೂಗಾಡಿತು. ನನ್ನ ಕಾಲು ಇನ್ನೂ ತಾಳ ಹಾಕುತ್ತಲೇ ಇತ್ತು. ಗೊತ್ತಾದಾಗ ಮೈ ಜುಂ ಎಂದಿತು.

ಭಾಸ್ಕರ್ ಚಂದಾವರ್ಕರ್ ಅವರ ಸಂಗೀತದ ಶಕ್ತಿ ಅದು. ಅಭಂಗ, ಕೀರ್ತನೆ, ಲಾವಣಿ ಯಾವುದನ್ನೂ ಅವರು ಕುಲಗೆಡಿಸಲಿಲ್ಲ. ಎಲ್ಲವೂ ಚೆಂದವಾಗೇ ಇವೆ, ಆ ಚೆಂದದ ಹಿಂದೆಯೇ ಜನ ಸಾಯುತ್ತಾರೆ. ಅಧಿಕಾರಸ್ಥರನ್ನು ಅಣಕಿಸುವುದು ಸುಲಭ. ಅವರ ಸುತ್ತ ಹಾಡುವವರನ್ನು, ಕೇಳಿ ತಲೆದೂಗುವವರನ್ನು ಹಿಡಿದು ನಿಲ್ಲಿಸುವುದು ಕಷ್ಟ. ವಿಜಯ್ ತೆಂಡೂಲ್ಕರ್ ಅದನ್ನು ಮಾಡಿದರು ಎಂದು ನಾನು ನಂಬಿದ್ದೇನೆ.

ಇದಕ್ಕೆ ಬೆಲೆಯನ್ನೂ ತೆತ್ತರು. 1972ರ ಡಿಸೆಂಬರ್ 16ರಂದು ಪುಣೆಯ ಭರತ ನಾಟ್ಯ ಮಂದಿರದಲ್ಲಿ ಮೊದಲ ಪ್ರಯೋಗ. ನಾನಾನಿಗೆ, ಬ್ರಾಹ್ಮಣರಿಗೆ ಅವಮಾನ ಎಂದು ಕೂಗೆದ್ದಿತು. 19 ಪ್ರಯೋಗ ಆಗುವಷ್ಟರಲ್ಲಿ ಆಡಿಸುತ್ತಿದ್ದ ಸಂಸ್ಥೆಯೇ ನಿಲ್ಲಿಸಿತು. ನಿರ್ದೇಶಕ ಜಬ್ಬಾರ್ ಪಟೇಲ್, ನಾನಾ ಪಾತ್ರದ ಮೋಹನ್ ಆಗಾಶೆ ಮತ್ತು ಸಂಗಡಿಗರು ಹೊರಬಿದ್ದು ಥಿಯೇಟರ್ ಅಕಾಡೆಮಿ ಕಟ್ಟಿ ಮತ್ತೆ ರಂಗಕ್ಕೆ ತಂದರು. 1980ರಲ್ಲಿ ಯುರೋಪಿಗೂ ಒಯ್ದರು. ಇದು ಇತಿಹಾಸದ ನಾಟಕವಲ್ಲ ಎಂದು ತೆಂಡೂಲ್ಕರ್ ಹೇಳುತ್ತಲೇ ಬಂದರು. ಘಾಶೀರಾಮನನ್ನು ಜನ ಕಲ್ಲು ಹೊಡೆದು ಕೊಂದದ್ದು ಮಾತ್ರ ನಿಜವೇ, 1791ರಲ್ಲಿ.

ಕೊನೆಗೆ ನಾನಾ ಬಂದು ಊರಿನ ಪೀಡೆ ತೊಲಗಿತು, ಮೂರು ದಿನ ಹಬ್ಬ ಮಾಡಿ ಅನ್ನುತ್ತಾನೆ. ಹನ್ನೆರಡು ಮಂದಿ ಮತ್ತೆ ಸಾಲಾದರು. ಅದೇ ಹಾಡು. ಈ ಸಲ ಪಾದ ಎರಡನ್ನೂ ನೆಲಕ್ಕೆ ಒತ್ತಿ ಹಿಡಿದು ಕೂತೆ. ಪಕ್ಕದ ಬಿಳಿ ಟೋಪಿಯ ಅಜ್ಜ ಮಾತ್ರ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ, ನಮ್ಮಪ್ಪನ ಹಾಗೆಯೇ.