ಶುಗರ್ ಇಳಿಯಿತು, ತೂಕ ಏರಿತು

ನಮ್ಮ ಮೆಡಿಕಲ್ ಶಾಪಿನಲ್ಲಿ ಪಯೋಗ್ಲಿಟಜೋನ್ ಎಂಬ ಶುಗರ್ ಮಾತ್ರೆಯ ಬಗ್ಗೆ ಬರುವ ದೂರು ಎರಡೇ. ಶುರುವಿನಲ್ಲಿ, "ವಾರ ಆಯ್ತು, ಶುಗರ್ ಅಲ್ಲೇ ಇದೆಯಲ್ಲ ಅಣ್ಣಾ?" ಆಮೇಲೆ, "ಶುಗರ್ ಇಳೀತು, ಆದ್ರೆ ನಾನು ದಪ್ಪ ಆಗ್ತಿದೀನಿ!" ಎರಡಕ್ಕೂ ಕಾರಣ ಒಂದೇ. ಕೌಂಟರಿನಲ್ಲಿ ನಿಂತು ಅಷ್ಟೆಲ್ಲ ಹೇಳಲು ಪುರುಸೊತ್ತಿರುವುದಿಲ್ಲ.

ಗ್ಲಿಮೆಪಿರೈಡ್ ಎಂಬ ಇನ್ನೊಂದು ಶುಗರ್ ಮಾತ್ರೆ ನುಂಗಿದರೆ ಪ್ಯಾಂಕ್ರಿಯಾಸ್ ಇನ್ಸುಲಿನ್ ಬಿಡುತ್ತದೆ, ಅವತ್ತೇ ಗೊತ್ತಾಗುತ್ತದೆ. ಪಯೋ ಹಾಗಲ್ಲ. ಅದು ಕೊಬ್ಬಿನ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿರುವ ಪಿಪಿಎಆರ್ ಗಾಮಾ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಇದೊಂದು ನ್ಯೂಕ್ಲಿಯರ್ ರಿಸೆಪ್ಟರ್, ಅಂದರೆ ಸಂದೇಶ ಹಿಡಿದು ಜೀನ್‌ಗಳನ್ನು ನಡೆಸುವ ಪ್ರೋಟೀನು. ಮನುಷ್ಯರಲ್ಲಿ ಇಂಥವು 48 ಇವೆ. ಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ ಕೆಲಸ ಮಾಡುವುದೂ ಈ ಬಳಗದವರ ಮೂಲಕವೇ. ಗಾಮಾ ಒಬ್ಬನೇ ಹೋಗುವುದಿಲ್ಲ. ಆರ್‌ಎಕ್ಸ್‌ಆರ್ ಎಂಬ ಜೊತೆಗಾರನ ಸಮೇತ ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಆಮೇಲೆ ಪ್ರೋಟೀನು ತಯಾರಾಗಬೇಕು, ಹೊಸ ಕೊಬ್ಬಿನ ಕೋಶ ಬೆಳೆಯಬೇಕು. ಪೂರ್ತಿ ಪರಿಣಾಮಕ್ಕೆ ಎರಡು ಮೂರು ತಿಂಗಳು ಬೇಕು. ವಾರಕ್ಕೇ ಬಿಟ್ಟರೆ ಸುಮ್ನೆ ದುಡ್ಡು ದಂಡ.

ಕಣಜ ತುಂಬಿದರೆ ಕಾಳು ಅಂಗಳದಲ್ಲಿ ಚೆಲ್ಲುತ್ತದೆ, ಅಲ್ವಾ? ಕೊಬ್ಬೂ ಹಾಗೇ ಲಿವರು, ಸ್ನಾಯುಗಳಿಗೆ ನುಗ್ಗಿರುತ್ತದೆ. ಅಲ್ಲಿ ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಹೊಸ ಸಣ್ಣ ಕೋಶಗಳು ಬಂದರೆ ಆ ಕೊಬ್ಬು ಚರ್ಮದ ಕೆಳಗೆ ವಾಪಸ್ ಸೇರುತ್ತದೆ. ಅಂದರೆ ಮೈ ತುಂಬಿಕೊಳ್ಳುವುದು, ಶುಗರ್ ಇಳಿಯುವುದು, ಎರಡೂ ಒಂದೇ ಕೆಲಸದ ಫಲ. ದಪ್ಪ ಆದರೆ ಶುಗರ್ ಬರುತ್ತದೆ ಎಂದು ಕೇಳಿ ಬೆಳೆದ ನನಗೆ ಇದು ಈಗಲೂ ಚೋದ್ಯವೇ.

ಪಾದ ಊದಿದರೆ ಮಾತ್ರ ಸುಮ್ಮನಿರಬೇಡಿ. ಗಾಮಾ ಕಿಡ್ನಿಯಲ್ಲೂ ಇದೆ. ಅಲ್ಲಿ ಉಪ್ಪು, ನೀರು ಹಿಡಿದಿಡುವಂತೆ ಮಾಡುತ್ತದೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಈ ಮಾತ್ರೆ ಆಗಿಬರುವುದಿಲ್ಲ. ಚೀಟಿ ಬರೆಯುವ ಡಾಕ್ಟರಿಗೆ ಅದನ್ನು ಮೊದಲೇ ಹೇಳಿ.

2013ರ ಜೂನ್‌ನಲ್ಲಿ ಮೂತ್ರಕೋಶದ ಕ್ಯಾನ್ಸರ್ ಭಯದಿಂದ ಕೇಂದ್ರ ಸರ್ಕಾರ ಪಯೋ ಮಾರಾಟ ನಿಲ್ಲಿಸಿತು. ರ್‍ಯಾಕಿನಿಂದ ಸ್ಟಾಕೆಲ್ಲ ಇಳಿಸಿ ಡಬ್ಬಕ್ಕೆ ತುಂಬಿದ್ದೆ. ಜುಲೈ ಕೊನೆಗೆ ನಿಷೇಧ ತೆಗೆದರು. ಎಚ್ಚರಿಕೆ ಅಚ್ಚು ಹಾಕಬೇಕು ಎಂಬ ಷರತ್ತು ಬಂತು. ಅದೇ ವರ್ಷ ಅಹಮದಾಬಾದಿನ ಜೈಡಸ್ ಕಂಪನಿ ಸಾರೋಗ್ಲಿಟಜಾರ್ ಎಂಬ ಮಾತ್ರೆ ತಂದಿತು. ಅದು ಗಾಮಾ, ಅದರ ಸೋದರ ಪಿಪಿಎಆರ್ ಆಲ್ಫಾ ಎರಡನ್ನೂ ಹಿಡಿಯುತ್ತದೆ. ಆಲ್ಫಾ ಲಿವರಿನಲ್ಲಿ ಕೊಬ್ಬು ಉರಿಸುವ ಜೀನ್‌ಗಳನ್ನು ನಡೆಸುತ್ತದೆ. ಹಾಗಾಗಿ ಶುಗರ್ ಜೊತೆ ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡೂ ಜಾಸ್ತಿ ಇರುವವರ ಚೀಟಿಯಲ್ಲಿ ಈ ಹೆಸರು ಕಂಡರೆ ನನಗೆ ಆಶ್ಚರ್ಯ ಆಗುವುದಿಲ್ಲ.