ಕೆಎ 19ಕ್ಕೆ ನಾಲ್ಕು ನಾಲ್ಕುಗಳು

ಶಾಲೆಯ ಜಗಲಿಯಲ್ಲಿ ನಿಂತರೆ ಗೇಟಿನಾಚೆ ಹೋಗುವ ಬಸ್ಸು, ರಿಕ್ಷಾಗಳ ನಂಬರ್ ಪ್ಲೇಟು ಕಾಣುತ್ತಿತ್ತು. ಮಂಗಳೂರಿನದು ಕೆಎ 19, ಉಡುಪಿಯದು ಕೆಎ 20, ಪುತ್ತೂರಿನದು ಕೆಎ 21. ಬುತ್ತಿ ಉಂಡಾದ ಮೇಲೆ ಗಂಟೆ ಹೊಡೆಯುವವರೆಗೆ ಜಗಲಿಯಲ್ಲಿ ನಡೆಯುತ್ತಿದ್ದ ಲೆಕ್ಕದಾಟಕ್ಕೆ ಗುರಿ ಸಿಗುತ್ತಿದ್ದದ್ದು ಅಲ್ಲಿಂದಲೇ: ಸರಿಯಾಗಿ ನಾಲ್ಕು 4ಗಳಿಂದ ಆ ಸಂಖ್ಯೆ ಬರಬೇಕು, ಬೇರೆ ಅಂಕಿ ಬರೆಯುವಂತಿಲ್ಲ. ಈಗಿನ ಮಕ್ಕಳು ಆಡುವುದಾದರೆ ಉಪಯೋಗಕ್ಕೆ ಬರಲಿ ಎಂದು ಆಟದ ಒಳಗುಟ್ಟುಗಳನ್ನು ಬರೆಯುತ್ತಿದ್ದೇನೆ.

ಒಗಟು ನಮ್ಮೂರಿನದೇನಲ್ಲ. ಲಂಡನ್ನಿನ ‘ನಾಲೆಡ್ಜ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ 1881ರ ಡಿಸೆಂಬರಿನಲ್ಲೇ ಅಚ್ಚಾಗಿತ್ತು.

ಮೊದಲು ನಿಯಮ ಗೊತ್ತುಮಾಡಿಕೊಳ್ಳಬೇಕು. ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಕೂಡು, ಕಳೆ, ಗುಣಿಸು, ಭಾಗಿಸು, ಆವರಣ, ಜೊತೆಗೆ 44 ಎಂದು ಅಂಕಿಗಳನ್ನು ಅಂಟಿಸಿ ಬರೆಯುವುದು: ಇದು ಮೊದಲ ಹಂತ. ಅಂಟಿಸುವುದು ಬರೆದ ಅಂಕಿಗಳನ್ನು ಮಾತ್ರ. 4÷4 ಬರೆದು ಬಂದ 1ರ ಪಕ್ಕಕ್ಕೆ 4 ಇಟ್ಟು 14 ಎಂದರೆ ಅದು ಮೋಸ. ವರ್ಗಮೂಲ ಎರಡನೆಯ ಹಂತ. ವರ್ಗಮೂಲಕ್ಕೆ 2 ಬರೆಯಬೇಕಿಲ್ಲ, ಹಾಗಾಗಿ √4 ಸಲ್ಲುತ್ತದೆ. ವರ್ಗ ಮಾಡಲು ತಲೆಯ ಮೇಲೆ 2 ಬರೆಯಲೇಬೇಕು, ಹಾಗಾಗಿ ಸಲ್ಲದು. ಮೂರನೆಯದು ಕ್ರಮಗುಣಿತ, ಅಂದರೆ ಫ್ಯಾಕ್ಟೋರಿಯಲ್: 4! = 4×3×2×1 = 24. ನಾಲ್ಕನೆಯದು ದಶಮಾಂಶ. 0.4 ಎಂದು ಬರೆದರೆ ಸೊನ್ನೆ ಎಂಬ ಬೇರೆ ಅಂಕಿ ನುಸುಳುತ್ತದೆ, ಅದಕ್ಕೇ ಬರೀ .4.

ಮೊದಲ ಹಂತದಲ್ಲೇ 0ಯಿಂದ 10ರವರೆಗೆ ಎಲ್ಲವೂ ಬರುತ್ತವೆ. (4+4+4)÷4 = 3, (4×4+4)÷4 = 5, 44÷4−4 = 7, (44−4)÷4 = 10. ಹನ್ನೊಂದಕ್ಕೆ ಗಾಡಿ ನಿಲ್ಲುತ್ತದೆ. 44÷4 ಎಂದರೆ 11 ಬಂತು ನಿಜ, ಆದರೆ ಒಂದು 4 ಉಳಿಯಿತು. ಒಂಟಿ 4ನ್ನು ಕರಗಿಸಲು ಇನ್ನೊಂದು 4 ಬೇಕು, ಅದು ಕೈಯಲ್ಲಿಲ್ಲ. ಬೇರೆ ದಾರಿಗಳನ್ನೆಲ್ಲ ಹುಡುಕಿದರೂ ಈ ಹಂತದಲ್ಲಿ 11 ಇಲ್ಲವೇ ಇಲ್ಲ. ವರ್ಗಮೂಲ ಬಂದ ಕೂಡಲೇ 44÷(√4+√4) = 11. ಹನ್ನೆರಡು ಮತ್ತೆ ಸುಲಭ, (44+4)÷4.

ಉಡುಪಿಗೆ ತೊಂದರೆಯಿಲ್ಲ: 4×(4+4÷4) = 20. ಮಂಗಳೂರಿಗೆ ಕ್ರಮಗುಣಿತ ಬೇಕು: 4!−4−4÷4 = 19. ಕೊನೆಯ ಕಳೆಯುವ ಚಿಹ್ನೆಯನ್ನು ಅಲ್ಲಿಂದ ಎತ್ತಿ ಕೂಡುವುದನ್ನಿಟ್ಟರೆ ಪುತ್ತೂರು, 21. ಸುರತ್ಕಲ್‌ನ 62ಕ್ಕೆ 4×4×4−√4, ಬಂಟ್ವಾಳದ 70ಕ್ಕೆ 44+4!+√4.

ಕಣ್ಣಂದಾಜಿನಲ್ಲಿ ಹುಡುಕುವವರು ಮೂವತ್ತರ ಆಸುಪಾಸಿಗೆ ಸುಸ್ತಾಗುತ್ತಾರೆ. ದಾರಿ ಬೇರೆಯೇ ಇದೆ. ಮೊದಲು ಒಂದೇ 4ರಿಂದ ಏನೇನು ಬರುತ್ತದೆ ಎಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯಿರಿ: 4, 2, 24, .4. ಆಮೇಲೆ ಎರಡು 4ರ ಪಟ್ಟಿ. 4÷4 = 1, 4÷√4 = 2, √4÷.4 = 5, 4+√4 = 6, 4+4 = 8, 4÷.4 = 10, 4×4 = 16, 4!−√4 = 22, 4!+4 = 28, 44, 4!×√4 = 48, 4!÷.4 = 60. ಮರುಕಳಿಸುವ ದಶಮಾಂಶಕ್ಕೂ ಒಪ್ಪಿಗೆ ಇದ್ದರೆ .444… ಎಂದರೆ 4/9. ಬರೆಯುವಾಗ .4ರ 4ರ ಮೇಲೊಂದು ಚುಕ್ಕಿ. ಅದರಿಂದ 4ನ್ನು ಭಾಗಿಸಿದರೆ 9, ಆ 9ರ ವರ್ಗಮೂಲ 3. ಪಟ್ಟಿಯಲ್ಲಿ ಬೆಸ ಸಂಖ್ಯೆಗಳಿಗೇ ಬೆಲೆ ಹೆಚ್ಚು. 4, 2, 24 ಎಲ್ಲವೂ ಸಮ, ಅವನ್ನು ಎಷ್ಟು ಕೂಡಿ ಕಳೆದರೂ ಬೆಸ ಹುಟ್ಟುವುದಿಲ್ಲ. 1, 3, 5, 9 ಕೈಯಲ್ಲಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಈಗ ಗುರಿಯಿಂದ ಹಿಂದಕ್ಕೆ ಬನ್ನಿ. 33 ಬೇಕು. ಪಟ್ಟಿಯ ಒಂದೊಂದನ್ನೇ 33ರಿಂದ ಕಳೆದು, ಉಳಿದದ್ದೂ ಪಟ್ಟಿಯಲ್ಲಿದೆಯೇ ನೋಡಿ. 28 ತೆಗೆದರೆ 5. ಎರಡೂ ಇವೆ. 4!+4+√4÷.4, ಮುಗಿಯಿತು. ಹಾಗೆಯೇ 39 = 44−5, 47 = 48−1, 51 = 60−9, 57 = 60−3. ಜೋಡಿ ಕೂಡದಿದ್ದರೆ ಮೂರು ಮತ್ತು ಒಂದು ಎಂದು ಒಡೆಯಬೇಕು. .4ರಿಂದ ಭಾಗಿಸುವುದೆಂದರೆ ಎರಡೂವರೆಯಿಂದ ಗುಣಿಸಿದಂತೆ, 41ಕ್ಕೆ 41×.4 = 16.4 ಎಂದು ನೋಡಿಕೊಂಡರೆ (4×4+.4)÷.4 ತಾನಾಗಿ ಕಾಣುತ್ತದೆ. 71×.4 = 28.4, ಆದ್ದರಿಂದ (4!+4.4)÷.4. ನನಗೆ ಅತಿ ಇಷ್ಟವಾದದ್ದು 73. 4ರ ಘಾತ 4!, ಅಂದರೆ 4ರ 24ನೇ ಘಾತ. ಅದಕ್ಕೆ ಮೂರು ಸಲ ವರ್ಗಮೂಲ ಹಾಕಿದರೆ ಘಾತ 24, 12, 6, 3 ಎಂದು ಇಳಿದು 64 ಉಳಿಯುತ್ತದೆ. ಆ ಹಿಂದಿನ 9 ಸೇರಿಸಿದರೆ 73.

ತಪ್ಪುವುದು ಎಲ್ಲಿ? ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ 4+4×4 ಒತ್ತಿದರೆ 32 ಬರುತ್ತದೆ, ಅದು ಒತ್ತಿದ ಹಾಗೆಯೇ ಲೆಕ್ಕ ಹಾಕುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರ್ 20 ಎನ್ನುತ್ತದೆ, ಅದೇ ಸರಿ. 4÷4×4 ಎಂದರೆ ಎಡದಿಂದ ಬಲಕ್ಕೆ, ಉತ್ತರ 4, ಕಾಲು ಅಲ್ಲ. 4!! ಎಂದು ಆವರಣವಿಲ್ಲದೆ ಬರೆದರೆ ಗಣಿತದಲ್ಲಿ ಅದಕ್ಕೆ ಬೇರೆಯೇ ಅರ್ಥ, 4×2 = 8. (4!)! ಎಂದರೆ 24!, ಅದು 24 ಅಂಕಿಗಳ ಸಂಖ್ಯೆ. ಘಾತದ ಮೇಲೆ ಘಾತ ಬಂದರೆ ಮೇಲಿನಿಂದ ಬಿಡಿಸಬೇಕು: ಮೂರು 4ಗಳ ಗೋಪುರ 4ರ 256ನೇ ಘಾತ, 155 ಅಂಕಿ.

ನಾಲ್ಕನ್ನು ಬಿಟ್ಟು ಬೇರೆ ಅಂಕಿಗೂ ಬನ್ನಿ. (777−77)÷7 = 100. ಇಲ್ಲಿ 7ರ ಜಾಗಕ್ಕೆ 1ರಿಂದ 9ರವರೆಗೆ ಯಾವುದನ್ನಿಟ್ಟರೂ ಉತ್ತರ ನೂರೇ, ಏಕೆಂದರೆ 777 ಎಂದರೆ 7×111, 77 ಎಂದರೆ 7×11, ಭಾಗಿಸುವಾಗ 7 ಹೊಡೆದುಹೋಗುತ್ತದೆ. 555÷(5+5+5) = 37 ಕೂಡ ಅದೇ ಜಾತಿ. ಒಂದೇ ಅಂಕಿ ಮೂರು ಸಲ ಬಳಸಿ 6 ತರುವುದು ಇನ್ನೊಂದು ಸೊಗಸಾದ ಆಟ. 5+5÷5, 7−7÷7, (9+9)÷√9 ಬೇಗ ಹೊಳೆಯುತ್ತವೆ. ಎಲ್ಲರೂ ಸಿಕ್ಕಿಬೀಳುವುದು 8ಕ್ಕೆ: 8−√√(8+8). ಸೊನ್ನೆಗೂ ಇದೆ, 0! = 1 ಎಂದು ನೆನಪಿದ್ದರೆ: (0!+0!+0!)!.

ಲಾಗರಿದಮ್ ಕಲಿತ ಪಿಯುಸಿಯವರು ಆಟ ಕೆಡಿಸಬಲ್ಲರು. 4ಕ್ಕೆ n ಸಲ ವರ್ಗಮೂಲ ಹಾಕಿ, ಆಧಾರ 4 ಇಟ್ಟು ಲಾಗ್ ತೆಗೆದು, ಬಂದದ್ದಕ್ಕೆ ಆಧಾರ √4÷4 ಇಟ್ಟು ಇನ್ನೊಮ್ಮೆ ಲಾಗ್ ತೆಗೆದರೆ ಉತ್ತರ n. ನಾಲ್ಕೇ 4ಗಳು, ಯಾವ ಸಂಖ್ಯೆ ಬೇಕಾದರೂ ಸರಿ, ವರ್ಗಮೂಲ ಎಣಿಸಿ ಹಾಕಿದರಾಯಿತು. ಒಮ್ಮೆ ಬೆರಗಾಗಲು ಚೆನ್ನ, ಆಮೇಲೆ ಇದನ್ನು ನಿಯಮದಿಂದ ಹೊರಗಿಡಿ. ಅದಕ್ಕಿಂತ ರುಚಿಯಾದದ್ದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1964ರಲ್ಲಿ ಬರೆದ ಒಂದೇ 4ರ ಆಟ. ಕ್ರಮಗುಣಿತ, ವರ್ಗಮೂಲ, ದಶಮಾಂಶ ಭಾಗವನ್ನು ಬಿಟ್ಟುಬಿಡುವುದು, ಈ ಮೂರೇ ಸಾಧನ. (4!)!ಕ್ಕೆ ಐದು ಸಲ ವರ್ಗಮೂಲ ಹಾಕಿದರೆ 5.54, ದಶಮಾಂಶ ಬಿಟ್ಟರೆ 5.

ಆಟಿಯ ಮಳೆಗೆ ಗೇಟಿನಾಚೆ ಏನೂ ಕಾಣದ ದಿನ ಚೆನ್ನೆಮಣೆಯ, ಅಂದರೆ ಅಳಿಗುಳಿ ಮಣೆಯ, ಲೆಕ್ಕ ತೆಗೆದುಕೊಳ್ಳಬಹುದು. 14 ಗುಳಿ, ಗುಳಿಗೆ 4 ಕಾಯಿ, ಒಟ್ಟು 56. ಮಣೆಯ ಲೆಕ್ಕದಂತೆಯೇ ಬರೆದರೆ 4×(4×4−√4). ವರ್ಗಮೂಲ ಕಲಿಯದ ತಮ್ಮ ತಂಗಿಯರಿಗೆ ಕ್ರಮಗುಣಿತವೊಂದನ್ನೇ ಹೇಳಿಕೊಟ್ಟರೂ ಸಾಕು: 4!+4!+4+4.